ಅಮೆರಿಕದಲ್ಲಿ ಅಂಚೆ ಸಾಗಿಸುವ ಗುತ್ತಿಗೆ ಟ್ರಕ್ ಗುದ್ದಿದರೆ ಯಾರ ಮೇಲೆ, ಎಲ್ಲಿ, ಯಾವಾಗ ಕ್ಲೇಮ್ ಹಾಕಬೇಕು

ಅಮೆರಿಕದ ಹೈವೇಗಳಲ್ಲಿ ರಾತ್ರಿ ಹೊತ್ತು ಓಡಾಡುವವರಿಗೆ ಆ ಟ್ರೇಲರ್‌ಗಳು ಗೊತ್ತೇ ಇರುತ್ತವೆ. ಪಕ್ಕದಲ್ಲಿ ದೊಡ್ಡದಾಗಿ ಹದ್ದಿನ ಗುರುತು, ಮೇಲೆ ಅಂಚೆಯ ಹೆಸರು. ಅಂಥದ್ದೊಂದು ಬಂದು ಕಾರಿಗೆ ಗುದ್ದಿದರೆ ಯಾರಿಗಾದರೂ ಮೊದಲು ಅನಿಸೋದು ಇದು ಸರ್ಕಾರದ ಗಾಡಿ, ಪೋಸ್ಟಲ್ ಸರ್ವಿಸ್‌ನವರೇ ಪರಿಹಾರ ಕೊಡಬೇಕು ಅಂತ. ಎಷ್ಟೋ ಸಲ ಇದು ತಪ್ಪು. ಊರಿಂದ ಊರಿಗೆ ಅಂಚೆ ಸಾಗಿಸುವ ಕೆಲಸದ ದೊಡ್ಡ ಪಾಲು ಖಾಸಗಿ ಗುತ್ತಿಗೆದಾರರದ್ದು. ಇದು ಇವತ್ತು ನಿನ್ನೆ ಶುರುವಾದದ್ದೂ ಅಲ್ಲ, 1845ರ ಕಾನೂನಿನ ಕಾಲದಿಂದ, ಕುದುರೆ ಗಾಡಿ ಇದ್ದಾಗಿನಿಂದ, ಕಡಿಮೆ ದರ ಹೇಳಿದವರಿಗೆ ಅಂಚೆ ಹೊರುವ ಗುತ್ತಿಗೆ ಕೊಡುತ್ತಲೇ ಬಂದಿದ್ದಾರೆ. ಈಗ ಅದಕ್ಕೆ ಹೈವೇ ಕಾಂಟ್ರ್ಯಾಕ್ಟ್ ರೂಟ್ ಅಂತ ಹೆಸರು.

2022ರ ಜೂನ್‌ನಲ್ಲಿ ಕೊಲೊರಾಡೋದ ಐ-25 ಹೆದ್ದಾರಿಯಲ್ಲಿ ಇಂಥದೇ ಒಂದು ಗುತ್ತಿಗೆ ಟ್ರಕ್ ಕಾರಿಗೆ ಹಿಂದಿನಿಂದ ಗುದ್ದಿ, ಕೂಸೂ ಸೇರಿ ಒಂದೇ ಮನೆಯ ಐದು ಜನ ತೀರಿಕೊಂಡರು. ಅಷ್ಟು ದೊಡ್ಡ ದುಃಖದ ಮಧ್ಯೆಯೂ ಕಾನೂನು ಮೊದಲು ಕೇಳುವ ಪ್ರಶ್ನೆ ಒಂದೇ: ಡ್ರೈವರ್ ಯಾರ ನೌಕರ? ನಿಮ್ಮ ಅಪಘಾತ ಸಣ್ಣದಿರಲಿ ದೊಡ್ಡದಿರಲಿ, ಆ ಪ್ರಶ್ನೆಗೆ ಉತ್ತರ ಸಿಗುವ ತನಕ ಯಾವ ಬಾಗಿಲನ್ನೂ ಮುಚ್ಚಿಕೊಳ್ಳಬೇಡಿ. ಈ ಬರಹದಲ್ಲಿ ನಾನು ಹೇಳೋದೆಲ್ಲ ಅದರ ಸುತ್ತಲೇ ಇದೆ.

ಮೊದಲು ಡ್ರೈವರ್ ಯಾರ ನೌಕರ ಅಂತ ಪತ್ತೆ ಮಾಡಿ

ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ. ಟ್ರೇಲರ್ ಪೋಸ್ಟಲ್ ಸರ್ವಿಸ್‌ನದ್ದಾಗಿದ್ದು ಅದನ್ನು ಎಳೆಯುವ ಮುಂದಿನ ಗಾಡಿ ಖಾಸಗಿಯವರದ್ದಾಗಿರಬಹುದು. ಪೋಸ್ಟಲ್ ಸರ್ವಿಸ್‌ಗೆ ಸ್ವಂತ ಟ್ರಕ್ಕುಗಳು, ಸ್ವಂತ ಡ್ರೈವರ್‌ಗಳೂ ಇದ್ದಾರೆ, ಹಾಗಾಗಿ ಅದೇ ಗುರುತಿನ ಟ್ರೇಲರನ್ನು ಸರ್ಕಾರಿ ನೌಕರನೇ ಎಳೆಯುತ್ತಿರಲೂಬಹುದು. ಇನ್ನು ಇದರ ತಿರುಗಾಮುರುಗಾ: ಹಳ್ಳಿ ಕಡೆ ಸ್ವಂತ ಕಾರಿನಲ್ಲಿ ಪತ್ರ ಹಂಚುವ ರೂರಲ್ ಕ್ಯಾರಿಯರ್‌ಗಳು. ಅವರ ಕಾರಿನ ಮೇಲೆ ಏನೂ ಬರೆದಿರೋದಿಲ್ಲ, ಆದರೆ ಅವರು ಪೋಸ್ಟಲ್ ಸರ್ವಿಸ್‌ನ ನೌಕರರು. ಅದೇ ರಸ್ತೆಯಲ್ಲಿ, ಅದೇ ಥರ ಪತ್ರ ಹಂಚುವ ಇನ್ನೊಬ್ಬರು ಗುತ್ತಿಗೆದಾರರೂ ಆಗಿರಬಹುದು. ಹೊರಗಿನಿಂದ ನೋಡಿದರೆ ಒಂಚೂರೂ ಗೊತ್ತಾಗಲ್ಲ.

ಹಾಗಾಗಿ ಸ್ಥಳದಲ್ಲಿ ಕೈಕಾಲು ಆಡುವ ಸ್ಥಿತಿಯಲ್ಲಿದ್ದರೆ, ಆಂಬುಲೆನ್ಸ್ ಮತ್ತು ಪೊಲೀಸರಿಗೆ 911ಕ್ಕೆ ಫೋನ್ ಮಾಡಿದ ಮೇಲೆ, ಫೋಟೋ ತೆಗೆಯಿರಿ. ಮುಂದಿನ ಗಾಡಿಯ ಬಾಗಿಲ ಮೇಲೆ ಕಂಪನಿ ಹೆಸರು ಮತ್ತು ಯುಎಸ್‌ಡಾಟ್ ನಂಬರ್ (ಟ್ರಕ್ ಕಂಪನಿಗೆ ಫೆಡರಲ್ ಸರ್ಕಾರ ಕೊಟ್ಟ ನೋಂದಣಿ ಸಂಖ್ಯೆ) ಇರುತ್ತದೆ, ಅದು ಎಲ್ಲಕ್ಕಿಂತ ಮುಖ್ಯ. ಮುಂದಿನ ಗಾಡಿಯ ನಂಬರ್ ಪ್ಲೇಟು, ಟ್ರೇಲರಿನ ಪ್ಲೇಟು, ಟ್ರೇಲರ್ ಮೇಲೆ ಬರೆದ ಸಂಖ್ಯೆ ಮೂರನ್ನೂ ಬೇರೆ ಬೇರೆಯಾಗಿ ತೆಗೆಯಿರಿ, ಯಾಕೆಂದರೆ ಎರಡರ ಮಾಲೀಕರು ಬೇರೆ ಇರಬಹುದು. ಡ್ರೈವರ್‌ನ ಲೈಸೆನ್ಸ್, ಇನ್ಶೂರೆನ್ಸ್ ಕಾರ್ಡ್, ಎಲ್ಲಿಂದ ಎಲ್ಲಿಗೆ ಹೊರಟಿದ್ದ ಅನ್ನೋದು ಸಿಕ್ಕರೆ ಬರೆದಿಟ್ಟುಕೊಳ್ಳಿ. ನಿಮ್ಮಿಂದ ಆಗದಿದ್ದರೆ ಜೊತೆಯಲ್ಲಿದ್ದವರು ಮಾಡಲಿ. ಏನೂ ಆಗದಿದ್ದರೂ ಚಿಂತೆ ಬೇಡ, ಪೊಲೀಸ್ ವರದಿಯಲ್ಲಿ ಬಹುಪಾಲು ಸಿಗುತ್ತದೆ. ವರದಿಯ ನಂಬರ್ ಮಾತ್ರ ಮರೆಯದೆ ಕೇಳಿ ತಗೊಳ್ಳಿ.

ಯುಎಸ್‌ಡಾಟ್ ನಂಬರ್ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಟ್ರಕ್ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆಯ 'ಸೇಫರ್' ಅನ್ನುವ ಪುಟದಲ್ಲಿ ಆ ನಂಬರ್ ಹಾಕಿದರೆ ಕಂಪನಿಯ ವಿಳಾಸ, ಎಷ್ಟು ಟ್ರಕ್ ಇದೆ, ಹಿಂದೆ ಎಷ್ಟು ಅಪಘಾತ ಆಗಿದೆ, ತಪಾಸಣೆಯಲ್ಲಿ ಎಷ್ಟು ಸಲ ಗಾಡಿ ನಿಲ್ಲಿಸಿದ್ದಾರೆ, ಎಲ್ಲವೂ ಬಿಟ್ಟಿ ಸಿಗುತ್ತದೆ. ಆದರೂ ಒಂದು ಮಾತು: ಅಂಚೆ ಗುತ್ತಿಗೆ ಹಿಡಿದ ಕಂಪನಿ ಒಂದು, ಆ ದಿನ ಟ್ರಕ್ ಓಡಿಸಿದ ಕಂಪನಿ ಇನ್ನೊಂದು ಆಗಿರಬಹುದು. ಒಳಗುತ್ತಿಗೆ ಅಲ್ಲಿಯೂ ಇದೆ, ಮಧ್ಯವರ್ತಿಗಳೂ ಇದ್ದಾರೆ. ಗುತ್ತಿಗೆ ಪತ್ರದ ಪ್ರತಿ ಬೇಕು ಅಂತ ಪೋಸ್ಟಲ್ ಸರ್ವಿಸ್‌ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ನಮ್ಮಲ್ಲಿ ಆರ್‌ಟಿಐ ಇದ್ದ ಹಾಗೆ ಅಲ್ಲಿ ಫೋಯಾ ಕಾನೂನು. ಉತ್ತರ ಕೊಡಲು 20 ಕೆಲಸದ ದಿನ ಅಂತ ಕಾನೂನಲ್ಲಿದೆ, ತಡವಾಗೋದೂ ಉಂಟು. ಅದಕ್ಕೇ ಬೇಗ ಹಾಕಿ.

ನೌಕರನಾದರೆ ಒಂದು ದಾರಿ, ಗುತ್ತಿಗೆಯವನಾದರೆ ಇನ್ನೊಂದು

ಅಮೆರಿಕ ಸರ್ಕಾರದ ಮೇಲೆ ಸುಮ್ನೆ ಹೋಗಿ ಕೇಸು ಹಾಕೋಕೆ ಆಗಲ್ಲ. 1946ರ ಫೆಡರಲ್ ಟಾರ್ಟ್ ಕ್ಲೇಮ್ಸ್ ಆ್ಯಕ್ಟ್ (ಟಾರ್ಟ್ ಅಂದರೆ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಆದ ಹಾನಿ) ಅದಕ್ಕೆ ಒಂದು ಕಿರಿದಾದ ದಾರಿ ಬಿಟ್ಟಿದೆ, ಪೋಸ್ಟಲ್ ಸರ್ವಿಸ್‌ಗೂ ಅದೇ ಕಾನೂನು ಅನ್ವಯ. ನೌಕರ ಕೆಲಸದ ಮೇಲಿದ್ದಾಗ ಅಜಾಗರೂಕತೆಯಿಂದ ಗುದ್ದಿದರೆ ಸರ್ಕಾರ ಹೊಣೆ ಹೊರುತ್ತದೆ, ಡ್ರೈವರ್ ಮೇಲೆ ವೈಯಕ್ತಿಕವಾಗಿ ಕೇಸು ಹಾಕುವ ಹಾಗಿಲ್ಲ. ಆದರೆ ಅದೇ ಕಾನೂನು ಗುತ್ತಿಗೆದಾರರನ್ನು ಸರ್ಕಾರದ ಭಾಗವಲ್ಲ ಅಂತ ಸ್ಪಷ್ಟವಾಗಿ ಹೊರಗಿಟ್ಟಿದೆ.

ಗುತ್ತಿಗೆದಾರನೋ ನೌಕರನೋ ಅನ್ನೋದನ್ನು ತೀರ್ಮಾನಿಸುವುದು ಹೇಗೆ? ಸುಪ್ರೀಂ ಕೋರ್ಟ್ 1973ರಲ್ಲಿ, ಮತ್ತೆ 1976ರಲ್ಲಿ ಹೇಳಿದ ಅಳತೆ ಇದು: ಅವನ ದಿನದಿನದ ಕೆಲಸವನ್ನು ಸರ್ಕಾರವೇ ನಿಂತು ನಡೆಸುತ್ತಿತ್ತಾ? ಎಷ್ಟು ಗಂಟೆಗೆ ಹೊರಡಬೇಕು, ಎಷ್ಟಕ್ಕೆ ತಲುಪಬೇಕು, ಎಂಥ ಗಾಡಿ ಇರಬೇಕು ಅಂತ ಗುತ್ತಿಗೆಯಲ್ಲಿ ಬರೆದಿದ್ದರೆ ಅಷ್ಟೇ ಸಾಲದು ಅಂತ ಕೋರ್ಟುಗಳು ಸಾಮಾನ್ಯವಾಗಿ ಹೇಳುತ್ತವೆ. ಡ್ರೈವರನ್ನು ಕೆಲಸಕ್ಕೆ ತಗೊಳ್ಳೋದು, ಸಂಬಳ ಕೊಡೋದು, ಟ್ರಕ್ ರಿಪೇರಿ ಮಾಡಿಸೋದು ಕಂಪನಿಯಾದರೆ, ಆ ಕಂಪನಿ ಗುತ್ತಿಗೆದಾರನೇ. ಆಗ ನಿಮ್ಮ ಕೇಸು ಕಂಪನಿ ಮತ್ತು ಡ್ರೈವರ್ ಮೇಲೆ, ಆ ರಾಜ್ಯದ ಕಾನೂನಿನ ಪ್ರಕಾರ, ಮಾಮೂಲಿ ಟ್ರಕ್ ಅಪಘಾತದ ಕೇಸಿನ ಹಾಗೆಯೇ ನಡೆಯುತ್ತದೆ.

"ಇಂಥ ಕೆಟ್ಟ ಕಂಪನಿಗೆ ಗುತ್ತಿಗೆ ಕೊಟ್ಟಿದ್ದೇ ಪೋಸ್ಟಲ್ ಸರ್ವಿಸ್‌ನ ತಪ್ಪಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಯಾರಿಗೆ ಗುತ್ತಿಗೆ ಕೊಡಬೇಕು ಅನ್ನೋದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯ ಅಂತ ಕಾನೂನಿನಲ್ಲಿ ವಿನಾಯಿತಿ ಇದೆ, ಈ ವಾದ ಹೆಚ್ಚಾಗಿ ಅಲ್ಲೇ ಬಿದ್ದುಹೋಗುತ್ತದೆ. ಅದಕ್ಕಿಂತ ಗಟ್ಟಿಯಾದ ದಾರಿಗಳು ಬೇರೆ ಇವೆ. ಟ್ರೇಲರ್ ಪೋಸ್ಟಲ್ ಸರ್ವಿಸ್‌ನದ್ದೇ ಆಗಿದ್ದು ಅದರ ಬ್ರೇಕ್ ಕೆಟ್ಟಿತ್ತಾ? ಅಂಚೆ ವಿಂಗಡಿಸುವ ಪ್ಲಾಂಟಿನಲ್ಲಿ ಅವರ ನೌಕರರೇ ಸರಕು ತುಂಬಿ, ಸರಿಯಾಗಿ ಕಟ್ಟದೆ ಬಿಟ್ಟಿದ್ದರಾ? ಅಂಥದ್ದಿದ್ದರೆ ಸರ್ಕಾರವೂ ಕಂಪನಿಯೂ ಇಬ್ಬರೂ ಹೊಣೆ ಆಗಬಹುದು. ಪತ್ರ ಕಳೆದುಹೋದರೆ ಸರ್ಕಾರ ಹೊಣೆಯಲ್ಲ ಅನ್ನುವ ವಿನಾಯಿತಿಯನ್ನು ಪೋಸ್ಟಲ್ ಸರ್ವಿಸ್ ಅಪಘಾತಕ್ಕೂ ಎಳೆದು ತಂದರೆ ಹೆದರಬೇಡಿ. 2006ರಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಗೆ ಅಷ್ಟು ಅಗಲದ ಅರ್ಥ ಇಲ್ಲ ಅಂತ ಹೇಳಿಯಾಗಿದೆ.

ಗಡುವುಗಳೇ ದೊಡ್ಡ ಅಪಾಯ

ಜನ ನಿಜವಾಗಿ ಸೋಲೋದು ಇಲ್ಲಿ.

ಸರ್ಕಾರದ ದಾರಿಯಲ್ಲಿ ಮೊದಲು ಕೋರ್ಟಿಗೆ ಹೋಗುವಂತಿಲ್ಲ. ಅಪಘಾತದಿಂದ 2 ವರ್ಷದೊಳಗೆ ಪೋಸ್ಟಲ್ ಸರ್ವಿಸ್‌ಗೆ ಲಿಖಿತ ಕ್ಲೇಮ್ ಕೊಡಬೇಕು. ಅವರಿಗೆ 6 ತಿಂಗಳು ಯೋಚಿಸಲು ಸಮಯ. ತಿರಸ್ಕಾರದ ಪತ್ರ ಕಳಿಸಿದರೆ, ಆ ಪತ್ರ ಅಂಚೆಗೆ ಹಾಕಿದ ದಿನದಿಂದ 6 ತಿಂಗಳೊಳಗೆ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಬೇಕು. 6 ತಿಂಗಳಾದರೂ ಉತ್ತರವೇ ಬರದಿದ್ದರೆ ತಿರಸ್ಕಾರವೆಂದೇ ಭಾವಿಸಿ ಕೋರ್ಟಿಗೆ ಹೋಗಬಹುದು. ಅವಸರ ಮಾಡಿ ಮೊದಲೇ ಕೋರ್ಟಿಗೆ ಹೋದರೆ ಕೇಸು ವಜಾ ಆಗುತ್ತದೆ, 1993ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಗಡುವು ಮೀರಿದವರಿಗೆ ಅಪರೂಪದ ಸಂದರ್ಭದಲ್ಲಿ ರಿಯಾಯಿತಿ ಸಿಗಬಹುದು ಅಂತ 2015ರ ತೀರ್ಪು ಇದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಗುತ್ತಿಗೆದಾರನ ದಾರಿಯಲ್ಲಿ ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ದೇಹಕ್ಕೆ ಪೆಟ್ಟಾದ ಕೇಸಿಗೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಯಲ್ಲಿ 2 ವರ್ಷ, ನ್ಯೂಯಾರ್ಕಿನಲ್ಲಿ 3 ವರ್ಷ, ಟೆನೆಸಿಯಲ್ಲಿ ಬರೀ 1 ವರ್ಷ. ಫ್ಲೋರಿಡಾದಲ್ಲಿ 4 ವರ್ಷ ಇದ್ದದ್ದು 2023ರಲ್ಲಿ 2ಕ್ಕೆ ಇಳಿಯಿತು, ಹಳೇ ಲೆಕ್ಕ ಹೇಳುವವರು ಈಗಲೂ ಇದ್ದಾರೆ, ಜೋಪಾನ. ಯಾರಾದರೂ ತೀರಿಕೊಂಡಿದ್ದರೆ ಅದಕ್ಕೆ ಬೇರೆಯೇ ಗಡುವು ಇರಬಹುದು, ಅದನ್ನೂ ಕೇಳಿ.

ಈಗ ಎರಡನ್ನೂ ಜೋಡಿಸಿ ನೋಡಿ. ಟೆನೆಸಿಯಲ್ಲಿ ಅಪಘಾತ ಆಯಿತು. ಸರ್ಕಾರದ ಗಾಡಿ ಅಂತ ನಂಬಿ ಎಂಟು ತಿಂಗಳಿಗೆ ಪೋಸ್ಟಲ್ ಸರ್ವಿಸ್‌ಗೆ ಕ್ಲೇಮ್ ಹಾಕಿದಿರಿ. ಅವರು 6 ತಿಂಗಳು ತಗೊಂಡು "ಆ ಡ್ರೈವರ್ ನಮ್ಮವನಲ್ಲ, ಗುತ್ತಿಗೆದಾರನನ್ನು ಕೇಳಿ" ಅಂತ ಬರೆದರು. ಅಷ್ಟರಲ್ಲಿ ಗುತ್ತಿಗೆದಾರನ ಮೇಲೆ ಕೇಸು ಹಾಕುವ 1 ವರ್ಷ ಮುಗಿದೇ ಹೋಗಿದೆ. ಪೋಸ್ಟಲ್ ಸರ್ವಿಸ್‌ಗೆ ಕೊಟ್ಟ ಕ್ಲೇಮ್ ಆ ಗಡುವನ್ನು ತಡೆದು ನಿಲ್ಲಿಸೋದಿಲ್ಲ. ಇದರ ಉಲ್ಟಾ ಕೂಡ ಆಗುತ್ತದೆ, ಡ್ರೈವರ್ ಮೇಲೆ ರಾಜ್ಯದ ಕೋರ್ಟಿಗೆ ಹೋದ ಮೇಲೆ ಅವನು ಸರ್ಕಾರಿ ನೌಕರ ಅಂತ ಗೊತ್ತಾಗೋದು. ಅದಕ್ಕೆ ಕಾನೂನಿನಲ್ಲಿ ಒಂದು ಸಣ್ಣ ಕಿಂಡಿ ಇದೆ: ಆ ಕೇಸನ್ನು 2 ವರ್ಷದೊಳಗೆ ಹಾಕಿದ್ದು, ಅದು ಈ ಕಾರಣಕ್ಕೆ ವಜಾ ಆದರೆ, ವಜಾ ಆದ 60 ದಿನದೊಳಗೆ ಪೋಸ್ಟಲ್ ಸರ್ವಿಸ್‌ಗೆ ಕ್ಲೇಮ್ ಕೊಡಬಹುದು. ಮೊದಲನೆಯ ಥರದವರಿಗೆ ಅಂಥ ಕಿಂಡಿ ಇಲ್ಲ.

ಅದಕ್ಕೇ ಮತ್ತೆ ಮತ್ತೆ ಹೇಳೋದು, ಅನುಮಾನ ಇದ್ದರೆ ಎರಡೂ ಕಡೆ ಒಟ್ಟಿಗೆ ಶುರು ಮಾಡಿ. ಪೋಸ್ಟಲ್ ಸರ್ವಿಸ್‌ಗೆ ಕ್ಲೇಮ್ ಫಾರಂ, ಕಂಪನಿಗೆ ಮತ್ತು ಅದರ ಇನ್ಶೂರೆನ್ಸ್‌ಗೆ ನೋಟಿಸ್. ಒಂದಕ್ಕೆ ಕೊಟ್ಟರೆ ಇನ್ನೊಂದು ಬಿಟ್ಟುಕೊಟ್ಟ ಹಾಗೆ ಆಗಲ್ಲ.

ಎಸ್‌ಎಫ್-95 ಫಾರಂ ತುಂಬೋದು

ಪೋಸ್ಟಲ್ ಸರ್ವಿಸ್‌ಗೆ ಕ್ಲೇಮ್ ಕೊಡುವ ಫಾರಂ ಹೆಸರು ಸ್ಟ್ಯಾಂಡರ್ಡ್ ಫಾರಂ 95. ಅಪಘಾತ ಆದ ಊರಿನ ಅಂಚೆ ಕಚೇರಿಗೆ, ಆ ಭಾಗದ ಪೋಸ್ಟಲ್ ಸರ್ವಿಸ್ ಜಿಲ್ಲಾ ಕಚೇರಿಯಲ್ಲಿರುವ ಟಾರ್ಟ್ ಕ್ಲೇಮ್ಸ್ ಕೋಆರ್ಡಿನೇಟರ್‌ಗೆ, ಇಲ್ಲವೇ ಸೇಂಟ್ ಲೂಯಿಸ್‌ನಲ್ಲಿರುವ ನ್ಯಾಷನಲ್ ಟಾರ್ಟ್ ಸೆಂಟರಿಗೆ ಕಳಿಸಬಹುದು. ನೀವು ಕಳಿಸಿದ ದಿನ ಲೆಕ್ಕಕ್ಕೆ ಬರಲ್ಲ, ಅವರ ಕೈ ಸೇರಿದ ದಿನ ಲೆಕ್ಕ. ಹಾಗಾಗಿ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಫಾರಂ ನೋಡಲು ಸರಳ. ಜನ ಎಡವೋದು 12ನೇ ಕಾಲಂನಲ್ಲಿ. ಆಸ್ತಿ ನಷ್ಟ ಎಷ್ಟು, ದೇಹದ ಪೆಟ್ಟಿಗೆ ಎಷ್ಟು, ಸಾವಿಗೆ ಎಷ್ಟು, ಒಟ್ಟು ಎಷ್ಟು ಅಂತ ಖಚಿತವಾದ ಮೊತ್ತ ಬರೆಯಲೇಬೇಕು. "ಚಿಕಿತ್ಸೆ ನಡೀತಿದೆ, ಆಮೇಲೆ ಹೇಳುತ್ತೇನೆ" ಅಂತ ಬರೆದರೆ ಅದು ಕ್ಲೇಮೇ ಅಲ್ಲ ಅನ್ನಿಸಿಕೊಳ್ಳುತ್ತದೆ. ಮೊತ್ತ ಕಡಿಮೆ ಬರೆದರೆ ಮುಂದೆ ಕೋರ್ಟಿನಲ್ಲೂ ಅದಕ್ಕಿಂತ ಜಾಸ್ತಿ ಕೇಳಲು ಆಗಲ್ಲ, ಆವಾಗ ತಿಳಿಯಲು ಸಾಧ್ಯವೇ ಇಲ್ಲದ ಹೊಸ ವಿಷಯ ಹೊರಬಂದರೆ ಮಾತ್ರ ಬೇರೆ ಮಾತು. ನಾಚಿಕೊಂಡು ಕಡಿಮೆ ಬರೆಯುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಮುಂದೆ ಬೇಕಾಗಬಹುದಾದ ಆಪರೇಷನ್, ಫಿಸಿಯೋಥೆರಪಿ, ಕಳೆದುಹೋದ ಸಂಬಳ, ನೋವು, ಎಲ್ಲವನ್ನೂ ಸೇರಿಸಿ ಬರೆಯಿರಿ. ಪೋಸ್ಟಲ್ ಸರ್ವಿಸ್ ಅಂತಿಮ ತೀರ್ಮಾನ ಕೊಡುವ ಮೊದಲು ತಿದ್ದಲು ಅವಕಾಶ ಇದೆ.

ಗಂಡ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಕಾರಿನಲ್ಲಿದ್ದ ಪ್ರತಿಯೊಬ್ಬರ ಕ್ಲೇಮೂ ಬೇರೆ. ಒಬ್ಬೊಬ್ಬರಿಗೂ ಒಂದೊಂದು ಫಾರಂ ತುಂಬಿ. ಸಹಿ ಮರೆಯಬೇಡಿ, ಬೇರೆಯವರ ಪರವಾಗಿ ಸಹಿ ಮಾಡಿದರೆ ಆ ಅಧಿಕಾರದ ಕಾಗದ ಜೊತೆಗಿಡಿ.

ಸರ್ಕಾರದ ಮೇಲಿನ ಕೇಸಿನಲ್ಲಿ ಜ್ಯೂರಿ ಇರಲ್ಲ, ಜಡ್ಜ್ ಒಬ್ಬರೇ ತೀರ್ಮಾನಿಸುತ್ತಾರೆ. ದಂಡದ ರೂಪದ ಪರಿಹಾರವೂ ಇಲ್ಲ. ವಕೀಲರ ಫೀಸಿಗೆ ಮಿತಿ ಇದೆ: ಕ್ಲೇಮ್ ಹಂತದಲ್ಲೇ ಮುಗಿದರೆ 20%, ಕೋರ್ಟಿಗೆ ಹೋದರೆ 25%. ಗುತ್ತಿಗೆದಾರನ ಮೇಲಿನ ಕೇಸಿನಲ್ಲಿ ಈ ಮಿತಿ ಇಲ್ಲ, ಅಲ್ಲಿ ಮೂರನೇ ಒಂದು ಪಾಲಿನಿಂದ 40% ತನಕ ಕೇಳೋದು ಮಾಮೂಲು. ಎರಡೂ ದಾರಿ ನಡೆಸುವ ವಕೀಲರ ಜೊತೆ ಯಾವ ದುಡ್ಡಿಗೆ ಯಾವ ಫೀಸು ಅಂತ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.

ಸಾಕ್ಷ್ಯ ಬೇಗ ಅಳಿದುಹೋಗುತ್ತದೆ

ಟ್ರಕ್ ಡ್ರೈವರ್ 11 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ, ಕೆಲಸ ಶುರುವಾದ 14 ಗಂಟೆಯ ಆಚೆ ಸ್ಟೀರಿಂಗ್ ಹಿಡಿಯುವಂತಿಲ್ಲ, ಮತ್ತೆ ಓಡಿಸಲು ಶುರು ಮಾಡುವ ಮೊದಲು 10 ಗಂಟೆ ವಿಶ್ರಾಂತಿ ಬೇಕು. ಅಂಚೆ ಕೆಲಸ ಹೆಚ್ಚಾಗಿ ರಾತ್ರಿಯದ್ದು, ಸಮಯಕ್ಕೆ ತಲುಪಲೇಬೇಕಾದದ್ದು, ಹಾಗಾಗಿ ಡ್ರೈವರ್ ನಿದ್ದೆಗೆಟ್ಟಿದ್ದನಾ ಅನ್ನುವ ಪ್ರಶ್ನೆ ಇಂಥ ಕೇಸುಗಳಲ್ಲಿ ಮೊದಲು ಏಳಬೇಕು. ಉತ್ತರ ಟ್ರಕ್ಕಿನ ಎಲೆಕ್ಟ್ರಾನಿಕ್ ಲಾಗ್‌ನಲ್ಲಿದೆ. ಆದರೆ ಕಂಪನಿ ಆ ದಾಖಲೆಯನ್ನು 6 ತಿಂಗಳು ಇಟ್ಟುಕೊಂಡರೆ ಸಾಕು, ದಿನದಿನದ ಗಾಡಿ ತಪಾಸಣೆ ವರದಿ 3 ತಿಂಗಳು. ಡ್ಯಾಶ್‌ಕ್ಯಾಮ್ ವಿಡಿಯೋ ಇನ್ನೂ ಬೇಗ ಅಳಿಸಿಹೋಗಬಹುದು.

ಹಾಗಾಗಿ ಮೊದಲ ವಾರದಲ್ಲೇ ವಕೀಲರಿಂದ "ಸಾಕ್ಷ್ಯ ಅಳಿಸಬೇಡಿ" ಅನ್ನುವ ಪತ್ರ ಹೋಗಬೇಕು. ಲಾಗ್, ಎಂಜಿನ್ ಕಂಪ್ಯೂಟರಿನ ಮಾಹಿತಿ, ಜಿಪಿಎಸ್, ಡ್ರೈವರ್ ಫೋನ್ ದಾಖಲೆ, ರಿಪೇರಿ ಪುಸ್ತಕ, ಡ್ರೈವರ್‌ನ ಕೆಲಸದ ಫೈಲ್, ಅಪಘಾತದ ನಂತರದ ಮದ್ಯ ಮತ್ತು ಡ್ರಗ್ ಪರೀಕ್ಷೆಯ ಫಲಿತಾಂಶ, ಎಲ್ಲ ಹೆಸರಿಸಿ ಕೇಳಿ. ಪತ್ರವನ್ನು ಕಂಪನಿಗೆ ಮಾತ್ರ ಕಳಿಸಿ ನಿಲ್ಲಿಸಬೇಡಿ. ಟ್ರೇಲರ್ ಯಾವ ಪ್ಲಾಂಟಿನಿಂದ ಎಷ್ಟು ಹೊತ್ತಿಗೆ ಹೊರಟಿತು, ತಡವಾಗಿತ್ತಾ ಅನ್ನುವ ದಾಖಲೆ ಪೋಸ್ಟಲ್ ಸರ್ವಿಸ್ ಬಳಿಯೂ ಇರುತ್ತದೆ. ಅವರಿಗೂ ಒಂದು ಪ್ರತಿ ಹೋಗಲಿ.

ದುಡ್ಡು ಎಲ್ಲಿಂದ ಬರುತ್ತದೆ

ರಾಜ್ಯದಿಂದ ರಾಜ್ಯಕ್ಕೆ ಬಾಡಿಗೆಗೆ ಮಾಮೂಲಿ ಸರಕು ಸಾಗಿಸುವ ದೊಡ್ಡ ಟ್ರಕ್ಕುಗಳಿಗೆ ಫೆಡರಲ್ ನಿಯಮದ ಕನಿಷ್ಠ ಇನ್ಶೂರೆನ್ಸ್ 7,50,000 ಡಾಲರ್. 1980ರ ದಶಕದಿಂದ ಈ ಮೊತ್ತ ಬದಲಾಗಿಲ್ಲ, ಆಸ್ಪತ್ರೆ ಖರ್ಚು ಎಲ್ಲಿಗೆ ಏರಿದೆ ಅಂತ ನಿಮಗೇ ಗೊತ್ತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಗುತ್ತಿಗೆದಾರರಲ್ಲಿ ಒಂದೆರಡು ಟ್ರಕ್ ಇಟ್ಟುಕೊಂಡ ಸಣ್ಣ ಕಂಪನಿಗಳೂ ಇವೆ, ಇನ್ಶೂರೆನ್ಸ್ ಮೊತ್ತ ಮುಗಿದರೆ ಅವರಿಂದ ಬೇರೇನೂ ಹುಟ್ಟಲ್ಲ. ಹಾಗಾಗಿ ನಿಮ್ಮ ಸ್ವಂತ ಕಾರ್ ಪಾಲಿಸಿಯ ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಭಾಗ (ಗುದ್ದಿದವರ ಇನ್ಶೂರೆನ್ಸ್ ಸಾಲದಿದ್ದಾಗ ಕೈ ಹಿಡಿಯುವ ಭಾಗ) ಇವತ್ತೇ ತೆಗೆದು ನೋಡಿ, ಅಪಘಾತ ಆಗದಿದ್ದರೂ ನೋಡಿ. ಆಗಿದ್ದರೆ ನಿಮ್ಮ ಇನ್ಶೂರೆನ್ಸ್ ಕಂಪನಿಗೂ ತಕ್ಷಣ ತಿಳಿಸಿ. ಅವರ ಒಪ್ಪಿಗೆ ಇಲ್ಲದೆ ಎದುರು ಪಾರ್ಟಿ ಜೊತೆ ರಾಜಿ ಮಾಡಿಕೊಂಡರೆ ನಿಮ್ಮ ಪಾಲಿಸಿಯ ದುಡ್ಡಿಗೇ ಕುತ್ತು ಬರಬಹುದು.

ಎದುರು ಕಂಪನಿಯ ಇನ್ಶೂರೆನ್ಸ್‌ನವರು ಬೇಗ ಫೋನ್ ಮಾಡುತ್ತಾರೆ. ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ, ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳುತ್ತಾರೆ. ಬೇಡ ಅನ್ನಿ. ನಮ್ಮ ಜನರಿಗೆ ಸಾರಿ ಅನ್ನೋದು ಬಾಯಿಗೆ ಬಂದುಬಿಡುತ್ತದೆ. ನಾರ್ತ್ ಕ್ಯಾರೊಲೈನಾ, ವರ್ಜೀನಿಯಾ, ಮೇರಿಲ್ಯಾಂಡ್, ಅಲಬಾಮಾದಲ್ಲಿ ನಿಮ್ಮ ಕಡೆಯಿಂದ ಚೂರು ತಪ್ಪಿದೆ ಅಂತ ಸಾಬೀತಾದರೂ ಪೂರ್ತಿ ಪರಿಹಾರ ಕೈ ತಪ್ಪಬಹುದು. ಕ್ಯಾರಿ, ಶಾರ್ಲೆಟ್, ಆಶ್‌ಬರ್ನ್ ಕಡೆ ಇರುವ ಕನ್ನಡಿಗರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ತಪ್ಪಿನ ಪಾಲಿನಷ್ಟು ಮಾತ್ರ ಕಡಿತ, ಟೆಕ್ಸಾಸ್ ಮತ್ತು ನ್ಯೂಜೆರ್ಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ನಿಮ್ಮದಾದರೆ ಏನೂ ಇಲ್ಲ. ಸರ್ಕಾರದ ಮೇಲಿನ ಕ್ಲೇಮಿಗೂ ಅಪಘಾತ ಆದ ರಾಜ್ಯದ ಇದೇ ನಿಯಮ.

ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು ಯಾರನ್ನೆಲ್ಲ ಬಿಡುಗಡೆ ಮಾಡುತ್ತಿದ್ದೀರಿ ಅಂತ ಓದಿ. ಗುತ್ತಿಗೆದಾರನ ಜೊತೆ ರಾಜಿ ಆದಾಗ ಆ ಕಾಗದದಲ್ಲಿ "ಮತ್ತು ಇತರ ಎಲ್ಲರೂ" ಅಂತ ಇದ್ದರೆ ಸರ್ಕಾರದ ಮೇಲಿನ ಕ್ಲೇಮೂ ಅಲ್ಲೇ ಮುಗಿಯಬಹುದು. ನಿಮ್ಮ ಹೆಲ್ತ್ ಇನ್ಶೂರೆನ್ಸ್ ಕಂಪನಿಯೂ ತಾನು ಕಟ್ಟಿದ ಬಿಲ್ಲಿನ ಪಾಲು ಕೇಳಿಕೊಂಡು ಬರುತ್ತದೆ, ಅದನ್ನು ಕಳೆದು ಕೈಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿಸಿ.

ಊರಿನಿಂದ ಬಂದ ಅಪ್ಪ ಅಮ್ಮ ಕಾರಿನಲ್ಲಿದ್ದರೆ

ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಊರು ತೋರಿಸಲು ಹೊರಟಾಗ ಅಪಘಾತ ಆದರೆ ಏನು ಗತಿ ಅಂತ ಎಷ್ಟೋ ಜನ ಯೋಚಿಸಿಯೇ ಇರಲ್ಲ. ಅವರು ಅಮೆರಿಕದ ಪ್ರಜೆಗಳಲ್ಲ ಅನ್ನುವ ಕಾರಣಕ್ಕೆ ಅವರ ಕ್ಲೇಮ್ ಕಡಿಮೆ ಆಗೋದಿಲ್ಲ. ಪರಿಹಾರ ಕೇಳೋದು ಸಿವಿಲ್ ವಿಷಯ, ಅದು ಅವರ ವೀಸಾ ನಿಯಮವನ್ನಾಗಲಿ ನಿಮ್ಮ ಎಚ್-1ಬಿ ನಿಯಮವನ್ನಾಗಲಿ ಮುರಿದಂತೆ ಅಲ್ಲ.

ಕಷ್ಟ ಇರೋದು ಬೇರೆ ಕಡೆ. ಕಾರು ಓಡಿಸುತ್ತಿದ್ದದ್ದು ಮಗ ಅಥವಾ ಸೊಸೆ. ಟ್ರಕ್ಕಿನ ಕಡೆಯವರು ಓಡಿಸುತ್ತಿದ್ದವರದ್ದೂ ಸ್ವಲ್ಪ ತಪ್ಪಿದೆ ಅಂದರೆ, ಹಿಂದೆ ಕೂತಿದ್ದ ಅಪ್ಪ ಅಮ್ಮನಿಗೆ ಮಗನ ಕಾರ್ ಇನ್ಶೂರೆನ್ಸ್‌ನಿಂದಲೂ ಕೇಳುವ ಹಕ್ಕು ಬರಬಹುದು. "ಮಗನ ಮೇಲೆ ಕೇಸಾ? ಛೇ!" ಅಂತ ಅವರು ಕಣ್ಣೀರು ಹಾಕುತ್ತಾರೆ. ಪಾಲಿಸಿಯ ಮಿತಿಯೊಳಗೆ ದುಡ್ಡು ಕೊಡೋದು ಮಗ ಅಲ್ಲ, ವರ್ಷ ವರ್ಷ ಪ್ರೀಮಿಯಂ ತಗೊಂಡ ಕಂಪನಿ ಅಂತ ನಿಧಾನವಾಗಿ ವಿವರಿಸಿ. ಇಂಥ ಸಂದರ್ಭದಲ್ಲಿ ಒಬ್ಬರೇ ವಕೀಲರು ಇಬ್ಬರ ಕಡೆಯೂ ನಿಲ್ಲೋದು ಸರಿಯಾಗಲ್ಲ, ಅಪ್ಪ ಅಮ್ಮನಿಗೆ ಬೇರೆ ವಕೀಲರನ್ನು ನೋಡಿ. ವಿಸಿಟರ್ ಇನ್ಶೂರೆನ್ಸ್ ಎಷ್ಟೋ ಸಲ ಇಷ್ಟೇ ಅಂತ ನಿಗದಿ ಮಾಡಿದ ಸಣ್ಣ ಮೊತ್ತ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ನಿಮ್ಮ ಕಾರ್ ಪಾಲಿಸಿಯಲ್ಲಿ ಪಿಐಪಿ ಅಥವಾ ಮೆಡ್‌ಪೇ (ತಪ್ಪು ಯಾರದ್ದೇ ಆದರೂ ಚಿಕಿತ್ಸೆ ಖರ್ಚು ಕೊಡುವ ಭಾಗ) ಇದ್ದರೆ ಅದು ಪ್ರಯಾಣಿಕರಿಗೂ ಸಿಗುತ್ತದಾ ಅಂತ ಕೇಳಿ.

ಯಾರಾದರೂ ತೀರಿಕೊಂಡಿದ್ದರೆ ಕ್ಲೇಮ್ ಹಾಕುವವರು ಆ ರಾಜ್ಯದ ಕಾನೂನು ಒಪ್ಪುವ ಪ್ರತಿನಿಧಿಯೇ ಆಗಿರಬೇಕು. ವಾರಸುದಾರರು ಕರ್ನಾಟಕದಲ್ಲಿದ್ದರೆ ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಅಧಿಕಾರ ಪತ್ರ ಬೇಕಾಗಬಹುದು. ಕನ್ನಡದಲ್ಲಿರೋದಕ್ಕೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ, ಕೋರ್ಟಿಗೆ ಹೋಗುವ ಕಾಗದಕ್ಕೆ ಭಾರತದ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ (ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ಹೇಳುವ) ಮುದ್ರೆ ಕೇಳಬಹುದು. ಊರಿನಲ್ಲಿ ಈ ಕಾಗದಗಳು ಕೈಗೆ ಬರಲು ಹಿಡಿಯುವ ಸಮಯ ನಿಮಗೆ ಗೊತ್ತಲ್ಲ, ಮೊದಲ ತಿಂಗಳಲ್ಲೇ ಯಾರಿಗಾದರೂ ಹೇಳಿ ಓಡಾಡಿಸಿ.

ಗಾಯಗೊಂಡ ಅಪ್ಪ ಅಮ್ಮ ವಾಪಸ್ ಹೊರಡುವ ಮೊದಲು ಅಮೆರಿಕದ ಆಸ್ಪತ್ರೆಯಿಂದ ಪೂರ್ತಿ ದಾಖಲೆ ತಗೊಳ್ಳಿ, ಎಕ್ಸ್‌ರೇ ಮತ್ತು ಸ್ಕ್ಯಾನ್‌ಗಳ ಡಿಸ್ಕ್ ಸಮೇತ. ಅವರ ಎಸ್‌ಎಫ್-95ಕ್ಕೆ ಸಹಿ ಹಾಕಿಸಿಕೊಳ್ಳಿ. ನೆನಪು ಹಸಿಯಾಗಿರುವಾಗಲೇ ಏನಾಯಿತು ಅಂತ ಅವರ ಮಾತಿನಲ್ಲೇ, ಕನ್ನಡದಲ್ಲೇ, ವಕೀಲರ ಮುಂದೆ ಹೇಳಿಸಿ ಬರೆಸಿ. ಮುಂದೆ ಹೇಳಿಕೆ ಬೇಕಾದರೆ ವಿಡಿಯೋದಲ್ಲಿ, ದುಭಾಷಿ ಇಟ್ಟುಕೊಂಡು ಕೊಡಲು ಆಗುತ್ತದಾ ಅಂತಲೂ ಆಗಲೇ ಕೇಳಿಕೊಳ್ಳಿ. ಬೆಂಗಳೂರಿನಲ್ಲೋ ಹಾಸನದಲ್ಲೋ ಮುಂದುವರಿಸುವ ಚಿಕಿತ್ಸೆಯ ಖರ್ಚನ್ನೂ ಕ್ಲೇಮಿನಲ್ಲಿ ಕೇಳಬಹುದು, ಹಾಗಾಗಿ ಅಲ್ಲಿನ ಡಾಕ್ಟರ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ಫಿಸಿಯೋಥೆರಪಿಗೆ ಹೋಗಿಬಂದ ಆಟೋ ಖರ್ಚು, ಒಂದನ್ನೂ ಬಿಡದೆ ತಾರೀಕು ಸಮೇತ ಫೋಟೋ ತೆಗೆದು ಕಳಿಸೋಕೆ ಮನೆಯಲ್ಲಿ ಒಬ್ಬರಿಗೆ ವಹಿಸಿ.